ಚಿಗರಿ ತೋರಿಸುವ ಡಿಗ್ರಿ

ಕೆಲವರ ಬಾಳಿನಲ್ಲಿ ವರ್ಷಕ್ಕೊಂದು ನಗುವಂಥ ಸಂಗತಿ ನಡೆದರೆ ಹೆಚ್ಚು. ನನ್ನದು ಹಾಗಲ್ಲ. ನಾನು ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಸಂಜೆಯೊಳಗೆ ಹುಮನಾಬಾದ್ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮಂದಿ ಹೊಟ್ಟೆ ಹಿಡಿದುಕೊಂಡು ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಇದನ್ನು ದೋಷ ಅನ್ನುವವರು ಅನ್ನಲಿ, ನಾನು ಪ್ರತಿಭೆ ಅನ್ನುತ್ತೇನೆ.

ನಾನು ನಿರ್ಣಾ ಸೀಮೆಯ ಹಳ್ಳಿ ಹುಡುಗ. ಪ್ರಾಣಿ ಪರಿಸರವಿಜ್ಞಾನ ಮತ್ತು ಪ್ರವಾಸೋದ್ಯಮ ನಿರ್ವಹಣೆ, ಈ ಎರಡನ್ನೂ ಒಟ್ಟಿಗೆ ಓದಿದವರಲ್ಲಿ ನಮ್ಮೂರಿಗೆ ನಾನೇ ಮೊದಲಿಗ. ಎರಡನೆಯವನು ಇನ್ನೂ ಹುಟ್ಟಿಲ್ಲ.

೧. ಎತ್ತಿಗೂ ಒಂದು ಸೀಟು

ಹುಮನಾಬಾದ್ ಕಾಲೇಜಿನಲ್ಲಿ ಪ್ರವೇಶ ಸಿಕ್ಕ ದಿನ ಪೇಢೆ ತೆಗೆದುಕೊಂಡು ಹನುಮಂತ ದೇವರ ಕಟ್ಟೆಗೆ ಹೋದೆ. ಊರ ಹಿರಿಯರೆಲ್ಲ ಅಲ್ಲೇ ಕೂತಿದ್ದರು. ಎಲ್ಲರಿಗಿಂತ ಹಿರಿಯ ಮುತ್ಯಾ ಪೇಢೆ ಬಾಯಿಗೆ ಹಾಕಿಕೊಂಡು ಕೇಳಿದ:

“ಏನ್ ಕಲಿಯಾಕ ಹೊಂಟೀಯೋ ತಮ್ಮಾ?”

“ಪ್ರಾಣಿ ಪರಿಸರವಿಜ್ಞಾನ, ಮುತ್ಯಾ.”

“ಹಂಗಾರ ದನದ ಡಾಕ್ಟರ್ ಆಗ್ತಿ ಅನ್ನು.”

“ಅಲ್ಲ ಮುತ್ಯಾ. ಪ್ರಾಣಿ ಎಲ್ಲಿ ಇರ್ತಾವ, ಏನ್ ತಿಂತಾವ, ಯಾರ ಜೋಡಿ ಹ್ಯಾಂಗ ಬಾಳ್ವೆ ಮಾಡ್ತಾವ, ಅದನ್ನ ಓದೋದು.”

“ಅದಕ್ಕ ಹುಮನಾಬಾದ್ ತನಕ ಯಾಕ ಹೋಗ್ತಿ? ನಮ್ಮ ಕೊಟ್ಟಿಗ್ಯಾಗ ಬಂದು ಕೂಡು.”

“ಅದರ ಜೋಡಿ ಇನ್ನೊಂದು ವಿಷಯ ಅದ. ಪ್ರವಾಸೋದ್ಯಮ. ಟೂರಿಗೆ ಕರಕೊಂಡು ಹೋಗೋದು, ವಸತಿ ನೋಡೋದು, ಜಾಗಾ ತೋರಿಸೋದು.”

ಮುತ್ಯಾ ಪೇಢೆ ಅಗಿಯುತ್ತ ಬಹಳ ಹೊತ್ತು ಎರಡನ್ನೂ ಕೂಡಿಸಿ ನೋಡಿದ. ಆಮೇಲೆ ಕಟ್ಟೆಯ ಕಡೆ ತಿರುಗಿ ತೀರ್ಪು ಕೊಟ್ಟ: “ತಿಳೀತು ಬಿಡ್ರಿ. ಇಂವಾ ದನಕರ ಟೂರಿಗೆ ಕರಕೊಂಡು ಹೋಗ್ತಾನ.”

ಒಬ್ಬರಾದರೂ ನಗಬೇಕಲ್ಲ? ಎಲ್ಲರೂ ಗಂಭೀರವಾಗಿ ಗೋಣು ಹಾಕಿದರು. ಕಾಲ ಬದಲಾಗಿದೆ, ಏನು ಬೇಕಾದರೂ ಇರಬಹುದು ಎಂಬ ಮುಖ. ನಾನು ತಿದ್ದಲು ಹೋಗಲಿಲ್ಲ. ಅವತ್ತೇ ಸಂಜೆ ನಮ್ಮ ಓಣಿಯ ರೈತನೊಬ್ಬ ಮನೆಗೆ ಬಂದು, ನನ್ನನ್ನು ಒಂದು ಬದಿಗೆ ಕರೆದು, ದನಿ ತಗ್ಗಿಸಿ ಹೇಳಿದ:

“ನಮ್ಮ ಹಿರೇ ಎತ್ತಿಗೊಂದು ಸೀಟ್ ಹಿಡಿಯೋ ತಮ್ಮಾ. ಹುಟ್ಟಿದಾಗಿಂದ ಹೊಲ ಬಿಟ್ಟು ಏನೂ ಕಂಡಿಲ್ಲ ಪಾಪ. ಕಿಡಕಿ ಕಡೆ ಸಿಕ್ರ ಭಾಳ ಚೊಲೋ.”

೨. ನರಿಯ ಪಹಣಿ

ಈ ಎರಡು ವಿಷಯಗಳನ್ನು ಜೋಡಿ ಮಾಡಿದ್ದು ನಮ್ಮ ಪ್ರಾಣಿಶಾಸ್ತ್ರದ ಮೇಡಂ. ನೋಡಿದರೆ ಯಾರೂ ನಂಬುವುದಿಲ್ಲ. ಗಿಡ್ಡ ಆಳು, ಮೆತ್ತಗಿನ ಮಾತು, ಕಾಲಿಗೆ ಕ್ಯಾನ್ವಾಸ್ ಬೂಟು, ಕೊರಳಲ್ಲಿ ದುರ್ಬೀನು. ಆದರೆ ಮುಳ್ಳುಕಂಟಿಯೊಳಗೆ ಅವರು ನುಗ್ಗುವ ರೀತಿ ಕಂಡರೆ ನಮ್ಮೂರ ಪೈಲ್ವಾನರೂ ಕೈಮುಗಿಯಬೇಕು. ಈ ಜಗತ್ತಿನಲ್ಲಿ ನಾನು ಮನಸಾರೆ ಮೆಚ್ಚುವುದು ಇಬ್ಬರನ್ನೇ. ಒಬ್ಬರು ಈ ಮೇಡಂ. ಇನ್ನೊಬ್ಬನ ಹೆಸರು ನಾನೇ ಹೇಳಿಕೊಂಡರೆ ಚಂದ ಕಾಣುವುದಿಲ್ಲ.

ಮೊದಲ ದಿನವೇ ಮೇಡಂ ನಮ್ಮ ಮುಂದೆ ಎಲ್ಲ ಬಿಚ್ಚಿಟ್ಟರು.

“ಈ ಕೋರ್ಸ್ ತರಾಕ ನಾ ಭಾಳ ಜಗಳ ಆಡೀನಿ. ಮ್ಯಾಲಿನವರು, ಒಂದು ಬ್ಯಾಚ್ ನೋಡೋಣು ಅಂದಾರ. ಕೊನೀ ಸೆಮಿಸ್ಟರ್‌ನ್ಯಾಗ ನೀವು ಖರೇ ಪ್ರವಾಸಿಗರನ್ನ ಕರಕೊಂಡು ಹೋಗಿ ಖರೇ ಕಾಡುಪ್ರಾಣಿ ತೋರಿಸ್ಬೇಕು. ಹೊರಗಿನ ಪರೀಕ್ಷಕರು ಬಂದು ನೋಡ್ತಾರ. ಅವರು ಹೂಂ ಅಂದ್ರ ಕೋರ್ಸ್ ಉಳೀತದ. ಊಹೂಂ ಅಂದ್ರ, ಮೊದಲನೇ ಬ್ಯಾಚೂ ನೀವೇ, ಕಡೇ ಬ್ಯಾಚೂ ನೀವೇ.”

“ಫಿಕರ್ ಮಾಡಬ್ಯಾಡ್ರಿ ಮೇಡಂ. ನಾ ಅದೀನಲ್ರಿ” ಎಂದೆ.

“ಅದೇ ಫಿಕರ್” ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಮಾಣಿಕನಗರದ ಹುಡುಗಿ. ಅವಳ ಅಪ್ಪನದು ಅಲ್ಲಿ ಗುಡಿಯ ಮುಂದೆ ಕಾಯಿ-ಕರ್ಪೂರದ ಅಂಗಡಿ. ಗಿರಾಕಿಗಳ ನಡುವೆ ಬೆಳೆದವಳು, ನಾಲಿಗೆ ಕುಡುಗೋಲಿನಷ್ಟು ಹರಿತ.

ನಮಗೆ ಪ್ರವಾಸೋದ್ಯಮ ಕಲಿಸುವ ಸರ್ ಬೇರೆ ಇದ್ದರು. ಅವರ ಪಾಠ ಮೇಡಂ ಪಾಠಕ್ಕೆ ಪೂರಾ ಉಲ್ಟಾ. ಗೈಡ್ ಆದವನು ಮದುಮಗನ ಹಾಗೆ ಹೊಳೆಯಬೇಕು, ಹತ್ತಿರ ಬಂದರೆ ಘಮಘಮ ಅನ್ನಬೇಕು ಎನ್ನುತ್ತಿದ್ದರು ಅವರು. ನಾನು ವಿಧೇಯ ವಿದ್ಯಾರ್ಥಿ. ಹುಮನಾಬಾದ್ ಹೊರಗಿನ ಹುಲ್ಲುಗುಡ್ಡದಲ್ಲಿ ನರಿಯ ಬಿಲ ನೋಡಲು ಮೇಡಂ ಕರೆದ ದಿನ ಬಿಳಿ ಅಂಗಿ, ಕರಿ ಕನ್ನಡಕ ಹಾಕಿ, ಎರಡೂ ಕಿವಿಯ ಹಿಂದೆ ಗುಲಾಬಿ ಅತ್ತರು ಹಚ್ಚಿಕೊಂಡು ಹೋದೆ.

ಮೇಡಂ ಮೂಗು ಮುಚ್ಚಿಕೊಳ್ಳಲಿಲ್ಲ, ಬಯ್ಯಲೂ ಇಲ್ಲ. “ನಿಮ್ಮ ವಾಸನೀಗೆ ಆ ನರಿ ಬೀದರ್ ದಾಟಿ ನಿಂದರ್ತದ” ಎಂದಷ್ಟೇ ಹೇಳಿ, ಕುರಿ ಕಾಯುವವನ ಹತ್ತಿರ ಒಂದು ಕಂಬಳಿ ಕೇಳಿ ತಂದು ನನ್ನ ಮೇಲೆ ಹೊದಿಸಿದರು. ಆ ಕಂಬಳಿಯಲ್ಲಿ ಒಂದು ಇಡೀ ಕುರಿಹಿಂಡು ಬಾಳಿ ಬದುಕಿತ್ತು. ಅದರೊಳಗೆ ನಾನು ಬೋರಲು ಮಲಗಿದೆ. ಉಳಿದವರು ದೂರದ ಬಂಡೆಯ ಹಿಂದೆ ಕೂತರು.

ಬಿಸಿಲು ಇಳಿಯುವ ಹೊತ್ತಿಗೆ ನರಿ ಹೊರಬಿತ್ತು. ಅತ್ತ ನೋಡಿತು, ಇತ್ತ ನೋಡಿತು, ನೇರ ನನ್ನ ಕಡೆಗೇ ಬಂತು. ಬಂದು, ಕಂಬಳಿ ಮೂಸಿ, ತಿರುಗಿ ನಿಂತು, ಹಿಂಗಾಲು ಎತ್ತಿತು.

ಏಳಬೇಕೆಂದೆ. ಬಂಡೆಯ ಹಿಂದಿನಿಂದ ಮೇಡಂ ಪಿಸುದನಿ ಕೇಳಿಸಿತು: “ಅಲುಗಾಡಬ್ಯಾಡ್ರಿ! ತನ್ನ ಗಡಿ ಗುರುತು ಮಾಡಾಕತ್ತದ! ಇಷ್ಟು ಸಮೀಪದಿಂದ ಯಾರೂ ಕಂಡಿಲ್ಲ!”

ವಿಜ್ಞಾನಕ್ಕಾಗಿ ಅಲುಗಾಡಲಿಲ್ಲ. ನಮ್ಮೂರಿನಲ್ಲಿ ಇನ್ನೊಬ್ಬ ಇಂಥ ತ್ಯಾಗಿ ಇದ್ದರೆ ತೋರಿಸಲಿ. ಮೇಡಂ ಖುಷಿಯಿಂದ ಓಡಿ ಬಂದು, “ಭಪ್ಪರೆ! ನಿಮ್ಮಂಥ ಧೈರ್ಯವಂತ ನನಗ ಸಿಕ್ಕಿರಲಿಲ್ಲ” ಎಂದರು. ನಾನು ತೊಯ್ದ ಕಂಬಳಿಯಲ್ಲೇ ಎದೆ ಉಬ್ಬಿಸಿ ನಿಂತೆ.

ಮಾಣಿಕನಗರದ ಹುಡುಗಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ ಹೇಳಿದಳು: “ಮುಬಾರಕ್ ಹೋ. ಇವತ್ತಿನಿಂದ ನಿನ್ನ ಪಹಣಿ ನರಿ ಹೆಸರಿಗೆ ಆತು.”

೩. ನಾರಾಯಣಪುರದ ಅಪರೂಪದ ಪ್ರಾಣಿ

ಸರ್ ಕಲಿಸಿದ ಇನ್ನೊಂದು ಸೂತ್ರ: ಅತಿಥಿಗೆ ‘ಗೊತ್ತಿಲ್ಲ’ ಎಂದು ಯಾವತ್ತೂ ಹೇಳಬಾರದು. ಮೇಡಂ ಕಲಿಸಿದ ಸೂತ್ರ: ಯಾವ ಪ್ರಾಣಿಯ ಬಗ್ಗೆ ಹೇಳಿದರೂ ಅದರ ನೆಲೆ, ಆಹಾರ, ಸಂತಾನ, ಅಪಾಯ ಇಷ್ಟನ್ನೂ ಕ್ರಮವಾಗಿ ಹೇಳಬೇಕು. ಎರಡೂ ಸೂತ್ರಗಳು ನನ್ನೊಬ್ಬನಲ್ಲಿ ಕೂಡಿದಾಗ ಏನಾಯಿತು ಎಂಬುದು ಬಸವಕಲ್ಯಾಣದ ಪ್ರವಾಸದಲ್ಲಿ ಗೊತ್ತಾಯಿತು.

ಅಭ್ಯಾಸಕ್ಕೆಂದು ಸರ್ ಹೈದರಾಬಾದಿನಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ನನಗೆ ಒಪ್ಪಿಸಿದ್ದರು. ಮೇಡಂ ಹಿಂದೆ ಹಿಂದೆ ಬರುತ್ತಿದ್ದರು. ಬಸವಕಲ್ಯಾಣದ ಕೋಟೆಯಲ್ಲಿ ನಾನು ಮಿಂಚಿದೆ. ಬಾವಲಿಗಳ ಕತ್ತಲೆ ಕೋಣೆಗೆ ಮಂದಿ ಕಾಲಿಡಲು ಅಂಜಿದಾಗ ಮೇಡಂ ಒಬ್ಬರೇ ಒಳಗೆ ಹೋಗಿ, ತಲೆ ಮೇಲೆ ಬಾವಲಿ ಹಿಕ್ಕೆ ಹೊತ್ತುಕೊಂಡು ಹೊರಗೆ ಬಂದು, “ಎಲ್ಲಾ ಆರಾಮ ಅದಾವ, ಮಕ್ಳೂ ಆಗ್ಯಾವ” ಎಂದು ಬಾಣಂತಿ ಮಾತಾಡಿಸಿ ಬಂದವರ ಹಾಗೆ ಹೇಳಿದರು. ಆ ಕುಟುಂಬದ ಹೆಂಗಸರು ಅವರ ಜೋಡಿ ಫೋಟೋ ತೆಗೆಸಿಕೊಂಡರು.

ಅಲ್ಲಿಂದ ನಾರಾಯಣಪುರದ ಹಳೆಯ ಶಿವಾಲಯಕ್ಕೆ ಹೋದೆವು. ಮನೆಯ ಯಜಮಾನರು ಒಂದು ಕೆತ್ತನೆಯ ಮುಂದೆ ನಿಂತರು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಶಿಲ್ಪಿಗಳು ಕಲ್ಪಿಸಿ ಕೆತ್ತುವ ಮಕರ ಅದು. ಆದರೆ ಅದು ನನಗೆ ಆಮೇಲೆ ತಿಳಿಯಿತು.

“ಇದು ಯಾವ ಪ್ರಾಣಿ ಇವರೇ?” ಎಂದರು ಯಜಮಾನರು.

‘ಗೊತ್ತಿಲ್ಲ’ ಅನ್ನುವ ಹಾಗಿಲ್ಲ. “ನಮ್ಮ ಭಾಗದ ಅಪರೂಪದ ಪ್ರಾಣಿ ಸರ್” ಎಂದು ಶುರು ಮಾಡಿದೆ. “ಕೆರೆ-ಹೊಳೆ ದಂಡ್ಯಾಗ ಇರ್ತದ. ಮೀನ ತಿಂತದ, ಬ್ಯಾಸಗಿಯೊಳಗ ಹುಲ್ಲೂ ನಡೀತದ. ಮರಿ ಒಂದೇ ಹಾಕ್ತದ.”

“ನಾವು ಎಲ್ಲೂ ನೋಡೇ ಇಲ್ವಲ್ಲ?”

“ಈಗ ಸಂತತಿ ಭಾಳ ಕಡಿಮಿ ಆಗೇದ್ರಿ.”

“ಅಯ್ಯೋ! ಬೇಟೆ ಆಡಿಬಿಟ್ರಾ?”

“ಹೌದ್ರಿ. ಹಿಂದಿನ ಕಾಲದಾಗ ಅದರ ಬಾಲಕ್ಕ ಭಾಳ ಡಿಮ್ಯಾಂಡ್ ಇತ್ತು.”

ಆ ಯಜಮಾನರಿಗೆ ಕಣ್ಣೀರು ಬರುವುದೊಂದೇ ಬಾಕಿ. ಇದನ್ನು ಉಳಿಸಲು ಸರಕಾರ ಏನೂ ಮಾಡುತ್ತಿಲ್ಲವೇ ಎಂದು ಮೇಡಂ ಕಡೆ ತಿರುಗಿದರು. ಮೇಡಂ ನನ್ನ ಮಾನವನ್ನೂ ತೆಗೆಯಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ತಣ್ಣಗೆ ಅಂದರು:

“ಹುಡುಗ ಹೇಳಿದ್ದು ಒಂದು ರೀತಿಯಿಂದ ಖರೇ ಅದ್ರಿ. ಇದು ಹುಟ್ಟೋದು ಕಲ್ಲಿನ್ಯಾಗ. ಈಗ ಇಂಥಾ ಶಿಲ್ಪಿಗಳ ಸಂತತಿ ಕಡಿಮಿ ಆಗೇದ ನೋಡ್ರಿ, ಅದಕ್ಕ ಇದೂ ಕಡಿಮಿ ಆಗೇದ.”

ಯಜಮಾನರು ಹೊಟ್ಟೆ ತುಂಬ ನಕ್ಕರು. ವಾಪಸ್ ಬರುವಾಗ ಮೇಡಂ ನನಗೊಂದೇ ಶಿಕ್ಷೆ ಕೊಟ್ಟರು. ವಾರವಿಡೀ ಯಾರು ಏನೇ ಕೇಳಲಿ, ಮೊದಲು ‘ಗೊತ್ತಿಲ್ಲ’ ಎಂದು ಹೇಳಿ ರೂಢಿ ಮಾಡಿಕೊಳ್ಳಬೇಕು. ಅವತ್ತೇ ಮನೆಗೆ ಬಂದು ಕೂತಾಗ ನಮ್ಮವ್ವ ಕೇಳಿದಳು:

“ರೊಟ್ಟಿ ಹಾಕ್ಲೇನೋ?”

“ಗೊತ್ತಿಲ್ಲವ್ವ.”

“ಗೊತ್ತಾದ ಮ್ಯಾಲ ಹೇಳು” ಎಂದು ರೊಟ್ಟಿ ಬುಟ್ಟಿ ಮುಚ್ಚಿಟ್ಟು ಸೀರಿಯಲ್ ನೋಡಲು ಕೂತಳು.

೪. ಕಾರ್ನರ್ ಪ್ಲಾಟ್

ಕೊನೆಯ ಸೆಮಿಸ್ಟರ್ ಬಂತು. ಪರೀಕ್ಷಕರು ಬರುವ ದಿನ ಗೊತ್ತಾಯಿತು. ತೋರಿಸಬೇಕಾದ ಪ್ರಾಣಿಯೂ ಗೊತ್ತಾಯಿತು: ಚಿಗರಿ. ಪುಸ್ತಕದಲ್ಲಿ ಅದಕ್ಕೆ ಕೃಷ್ಣಮೃಗ ಅನ್ನುತ್ತಾರೆ. ನಮ್ಮೂರ ಹೊಲಗಳಿಗೆ ನಸುಕಿನಲ್ಲಿ ಕಡಲೆ ಗಿಡ ಮೇಯಲು ಬರುತ್ತವೆ. ಉಳಿದದ್ದು ಪ್ರವಾಸಿಗರು. “ಬಸ್ ತುಂಬ ತರ್ತೀನಿ” ಎಂದು ಇಡೀ ತರಗತಿಯ ಮುಂದೆ ಎದೆ ತಟ್ಟಿ ಹೇಳಿದೆ. ಮೇಡಂ ನಂಬಿದರು. ಆ ನಂಬಿಕೆ ನೋಡಿ ನನಗೇ ಸ್ವಲ್ಪ ಹೆದರಿಕೆಯಾಯಿತು.

ಮಾಣಿಕನಗರದಲ್ಲಿ ದರ್ಶನಕ್ಕೆ ಬಂದ ಮಂದಿಗೇನು ಬರ? ಕರಿ ಕನ್ನಡಕ ಹಾಕಿಕೊಂಡು ಆಟೋ ನಿಲ್ಲುವ ಜಾಗದಲ್ಲಿ ನಿಂತೆ. ಇಸ್ತ್ರಿ ಅಂಗಿಯ ಒಬ್ಬರನ್ನು ಹಿಡಿದೆ.

“ನಮಸ್ಕಾರ್ರಿ. ನಾಳೆ ಮುಂಜಾನೆ ನಮ್ಮ ಜೋಡಿ ಬರ್ರಿ. ಊರ ಹೊರಗ ಒಂದು ಮಸ್ತ್ ಜಾಗಾ ತೋರಸ್ತೀವಿ. ಗಾಡಿ ನಮ್ಮದು, ಚಹಾ-ನಾಷ್ಟಾ ನಮ್ಮದು, ನೀವು ಏನೂ ಕೊಡಂಗಿಲ್ಲ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಎನ್‌ಎ ಆಗೇದೇನು?”

“ಏನ್ರಿ?”

“ಜಾಗಾ ಎನ್‌ಎ ಆಗಿ ಮನಿ ಕಟ್ಟಾಕ ಬರ್ತದೋ, ಇನ್ನೂ ಹೊಲಾನೇ ಅದನೋ?”

“ಹೊಲಾನೇ ಅದರಿ. ಅದಕ್ಕ ಅಲ್ಲಿ ಚಿಗರಿ ಬರ್ತಾವ.”

“ಹಂಗಾರ ಬ್ಯಾಡ” ಎಂದು ನಡೆದುಬಿಟ್ಟರು.

ಎರಡನೆಯವರು ಹೈವೇಗೆ ಎಷ್ಟು ದೂರ ಎಂದರು. ಮೂರನೆಯವರು ಬೋರಿಗೆ ನೀರು ಬಿದ್ದಿದೆಯೇ ಎಂದರು. ಪುಕ್ಕಟೆ ಗಾಡಿಯಲ್ಲಿ ಕೂರಿಸಿ, ಚಹಾ ಕುಡಿಸಿ, ಖಾಲಿ ಬಯಲು ತೋರಿಸುವವರು ನಮ್ಮ ಕಡೆ ಒಂದೇ ಜಾತಿ: ಪ್ಲಾಟ್ ಮಾರುವವರು. ಕರಿ ಕನ್ನಡಕ ಬೇರೆ ನನ್ನ ಮುಖದ ಮೇಲಿತ್ತು. ಕಡೆಗೆ ಒಬ್ಬ ಅಜ್ಜನ ಮುಂದೆ ಕೂತು ಚಿಗರಿಯ ನೆಲೆ, ಆಹಾರ, ಸಂತಾನ, ಅಪಾಯ ಎಲ್ಲವನ್ನೂ ವಿವರಿಸಿದೆ. ಅಜ್ಜ ಒಂದೇ ಒಂದು ಸಲವೂ ಅಡ್ಡ ಮಾತಾಡದೆ ಕೇಳಿದ. ಗೆದ್ದೆ ಅಂದುಕೊಂಡೆ.

ಅಜ್ಜ ನನ್ನ ಕೈ ಹಿಡಿದು ಹೇಳಿದ: “ಎಲ್ಲಾ ಖರೇ ಮಗನೇ. ಆದ್ರ ಚಿಗರಿ ಓಡ್ಯಾಡೋ ಪ್ಲಾಟ್ ನನಗ ಬ್ಯಾಡ. ಕಾರ್ನರ್ ಇದ್ರ ಕೊಡು.”

ಆ ಹೊತ್ತಿಗೆ ಮಾಣಿಕನಗರದ ಹುಡುಗಿ ಅಂಗಡಿಯಿಂದ ಇಳಿದು ಬಂದಳು. ಲಾತೂರ್ ಕಡೆಯ ಹೆಂಗಸರ ದೊಡ್ಡ ಗುಂಪು ಅವರ ಅಂಗಡಿಯಲ್ಲಿ ಕಾಯಿ ತೆಗೆದುಕೊಳ್ಳುತ್ತಿತ್ತು. ಅವರಿಗೆ ಮರಾಠಿಯಲ್ಲಿ, ಚಿಕ್ಕಮ್ಮನನ್ನು ಕರೆಯುವ ಹಾಗೆ, “ಮಾವಶಿ, ನಾಳೆ ಜಿಂಕೆ ತೋರಿಸುತ್ತೇನೆ, ಬರುತ್ತೀರಾ? ಮಾರುವುದು ಏನೂ ಇಲ್ಲ” ಎಂದಷ್ಟೇ ಕೇಳಿದಳು. ಗುಂಪಿಗೆ ಗುಂಪೇ ಒಪ್ಪಿತು. ಒಂದೇ ಮಾತಿನಲ್ಲಿ! ನಾನು ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ, ಆದರೂ “ಶಾಬ್ಬಾಸ್” ಎಂದೆ.

“ನಿನ್ನದೂ ಕೆಲಸಕ್ಕ ಬಂತು ಬಿಡು” ಎಂದಳು ಅವಳು. “ಅಜ್ಜ ನಮ್ಮ ಅಂಗಡೀಗೆ ಬಂದು, ಆ ಪ್ಲಾಟಿನ ಹುಡುಗ ಖರೇ ಮಾತಾಡ್ತಾನ, ರೇಟ್ ಕೇಳಿ ಇಡು ಅಂದಾನ.”

೫. ಕಾಕಿಯ ದನಿ

ಇನ್ನು ಆ ದಿನದ ಕಥೆ.

ಪರೀಕ್ಷಕರು ಮೈಸೂರು ಕಡೆಯವರು. ಮಾತು ನಯ, ಪ್ಯಾಂಟಿನ ಇಸ್ತ್ರಿ ಖಡಕ್. ಹಿಂದಿನ ರಾತ್ರಿ ನಾನು ಇಡೀ ಊರಿಗೆ ತಾಕೀತು ಮಾಡಿದ್ದೆ: ಹಲಗಿ ಬಾರಿಸಬಾರದು, ಶಾಲು-ಹಾರ ತರಬಾರದು, ಯಾರೂ ಹೊಲದ ಕಡೆ ಸುಳಿಯಬಾರದು. ಊರು ಒಪ್ಪಿತು. ಉಳಿದದ್ದು ನಮ್ಮ ಚಿಕ್ಕಪ್ಪ, ಅಂದರೆ ಕಾಕಾನ ಹೊಲದ ಭೋಂಗಾ ಒಂದೇ.

ಭೋಂಗಾ ಎಂದರೆ ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಸ್ಪೀಕರ್. ಒಂದು ಸಲ ಅದರಲ್ಲಿ ದನಿ ತುಂಬಿಸಿ ಕಂಬಕ್ಕೆ ಕಟ್ಟಿದರೆ, ಅದು ಹೊತ್ತುಹೊತ್ತಿಗೆ ಅದೇ ದನಿಯಲ್ಲಿ ಕೂಗಿ ಹಂದಿ, ಚಿಗರಿ ಓಡಿಸುತ್ತದೆ. ಮೊದಲು ಕಾಕಾ ತನ್ನ ದನಿ ತುಂಬಿಸಿದ್ದ. ಒಂದು ಹಂದಿಯೂ ಕಿವಿ ಅಲುಗಿಸಲಿಲ್ಲ. ಆಮೇಲೆ ತನ್ನ ಹೆಂಡತಿ, ನಮ್ಮ ಕಾಕಿಯ ದನಿ ತುಂಬಿಸಿದ. ಅವತ್ತು ಹಂದಿಗಳ ಜೊತೆ ಪಕ್ಕದ ಹೊಲದ ಕೂಲಿಯವರೂ ಓಡಿಹೋದರು.

“ಕಾಕಾ, ನಾಳೆ ಮುಂಜಾನೆ ಭೋಂಗಾ ಬಂದ್ ಇರಬೇಕು. ಕಾಕಿಗೂ ಹೇಳಿಬಿಡು” ಎಂದಿದ್ದೆ. ಕಾಕಾ ಹೂಂ ಎಂದಿದ್ದ.

ನಸುಕಿನಲ್ಲಿ ಕಾಕಾನ ಕಡಲೆ ಹೊಲದ ಬದಿಗೆ, ತೊಗರಿ ಸಾಲಿನ ಹಿಂದೆ ಎಲ್ಲರನ್ನೂ ಕುಕ್ಕರಗಾಲಲ್ಲಿ ಕೂರಿಸಿದೆ. ಮಾವಶಿಗಳು ಸೆರಗು ಬಾಯಿಗೆ ಇಟ್ಟುಕೊಂಡು ಉಸಿರು ಬಿಗಿಹಿಡಿದರು. ಪರೀಕ್ಷಕರಿಗೆ ಅತ್ಯುತ್ತಮ ಜಾಗ ಕೊಟ್ಟಿದ್ದೆ; ಎಲ್ಲರಿಗಿಂತ ಮುಂದೆ, ಒಂದು ಪೊದೆಯ ಮರೆ. ಮೂಡಲು ಕೆಂಪಾಯಿತು. ಚಿಗರಿಗಳು ಬಂದವು! ಹೆಣ್ಣುಗಳ ಹಿಂಡು, ನಡುವೆ ತಿರುಚಿದ ಕೊಂಬಿನ ಗಂಡು ಚಿಗರಿ, ಹಿಂಡಿನ ಕರಿ ಹೋರಿ. ಏನು ಗತ್ತು, ಏನು ನಡಿಗೆ! ಮಾವಶಿಗಳ ಕಣ್ಣು ಅರಳಿದವು. ಪರೀಕ್ಷಕರು ಹಿಂದೆ ತಿರುಗಿ ಮೇಡಂ ಕಡೆ ಹೆಬ್ಬೆರಳು ಎತ್ತಿದರು. ಮೇಡಂ ಮುಖದ ಮೇಲೆ ಅಂಥ ಸಂತೋಷ ನಾನು ಯಾವತ್ತೂ ಕಂಡಿರಲಿಲ್ಲ. ಕೋರ್ಸ್ ಉಳಿಯಿತು, ಉಳಿಸಿದವನು ನಾನು ಎಂದು ಮನಸ್ಸಿನಲ್ಲೇ ಮೀಸೆ ತಿರುವಿದೆ.

ಅದೇ ಹೊತ್ತಿಗೆ ಕಂಬದ ಮೇಲಿಂದ ಆಕಾಶ ಹರಿಯುವ ಹಾಗೆ ದನಿ ಬಂತು:

“ಏ ಹೊಟ್ಟಿಬಾಕಗೋಳ್ರ್ಯಾ! ಮುಂಜಾನೆದ್ದು ನಮ್ಮ ಹೊಲಾನೇ ಕಂಡಿತೇನು ನಿಮಗ? ನಾಚಿಕಿ ಬರಂಗಿಲ್ಲೇನು? ಏಳ್ರಿ ಅಲ್ಲಿಂದ! ಎದ್ದು ನಡೀರಿ! ಬಂದೆ ಅಂದ್ರ ಕಾಲು ಮುರೀತೀನಿ!”

ಪೊದೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಪರೀಕ್ಷಕರು ಎರಡೂ ಕೈ ಮೇಲೆತ್ತಿ ದಡಕ್ಕನೆ ಎದ್ದು ನಿಂತರು.

“ಅಮ್ಮಾ! ನಾನು ಅದಕ್ಕೆ ಕೂತಿಲ್ಲಮ್ಮಾ! ಯೂನಿವರ್ಸಿಟಿ ಕೆಲಸಕ್ಕೆ ಬಂದಿದ್ದೀನಮ್ಮಾ!”

ಮಾವಶಿಗಳು ಬಿದ್ದುಬಿದ್ದು ನಕ್ಕರು. ಮುಗಿಯಿತು, ಮೇಡಂ ಕಷ್ಟವೆಲ್ಲ ಮಣ್ಣುಪಾಲು. ನನ್ನ ತಾಕೀತು ಮೀರಿ ನೋಡಲು ಬಂದು ಹಿಂದೆ ಅಡಗಿದ್ದ ಕಾಕಾನ ಅಂಗಿ ಹಿಡಿದೆ. “ಬಂದ್ ಮಾಡು ಅಂದಿದ್ನೆಲ್ಲೊ?”

“ನಾ ಬಂದ್ ಮಾಡಿದ್ನಿ. ಅಕಿ ಬಂದು ಚಾಲೂ ಮಾಡ್ಯಾಳ.”

“ಕಾಕಿಗೆ ಹೇಳಿರಲಿಲ್ಲೇನು?”

“ಏನಂತ ಹೇಳ್ಲೋ? ನಾಳೆ ನಿನ್ನ ದನಿ ಬಂದ್ ಇರ್ಲಿ ಅಂತ ಅಕಿ ಮುಂದ ನಿಂತು ನಾ ಹೇಳ್ಲೇನು?”

ಕಾಕಾನದೂ ನ್ಯಾಯವೇ. ಅಷ್ಟರಲ್ಲಿ ಮೇಡಂ ನಿಧಾನಕ್ಕೆ ಪರೀಕ್ಷಕರ ಹತ್ತಿರ ಹೋಗಿ, “ಸರ್, ಜರಾ ಚಿಗರಿ ಕಡೆ ನೋಡ್ರಿ” ಎಂದರು.

ಎಲ್ಲರೂ ನೋಡಿದೆವು. ಒಂದು ಚಿಗರಿಯೂ ಓಡಿರಲಿಲ್ಲ. ಕರಿ ಹೋರಿ ತಲೆ ಕೂಡ ಎತ್ತದೆ ಕಡಲೆ ಮೇಯುತ್ತಿತ್ತು.

“ದಿನಾ ಇದೇ ಬೈಗಳ ಕೇಳ್ತಾವ, ಏನೂ ಆಗಂಗಿಲ್ಲ” ಎಂದರು ಮೇಡಂ. “ಅಪಾಯ ಇಲ್ಲದ ಸಪ್ಪಳಕ್ಕ ಪ್ರಾಣಿ ಒಗ್ಗಿಕೊಳ್ತದ ಅಂತ ನಾವು ಪಾಠ ಮಾಡ್ತೀವಲ್ರಿ, ಅದೇ ಇದು. ಅಂಜಿ ಎದ್ದವರು ನಾವಷ್ಟೇ.”

ಪರೀಕ್ಷಕರ ಮುಖದ ಮೇಲೆ ಮೆಲ್ಲಗೆ ನಗು ಮೂಡಿತು. “ಅದ್ಭುತ! ನಿಜಕ್ಕೂ ಅದ್ಭುತ!” ಎನ್ನುತ್ತ ಫೋಟೋ ತೆಗೆಯಲು ಚಿಗರಿಗಳ ಕಡೆ ನಾಲ್ಕು ಹೆಜ್ಜೆ ಮುಂದೆ ಹೋದರು.

ಆಗ ಬದುವಿನ ಆ ಕಡೆಯಿಂದ ಖುದ್ದು ಕಾಕಿ ಪ್ರತ್ಯಕ್ಷಳಾದಳು. ಕಚ್ಚೆ ಬಿಗಿದಿದ್ದಳು, ಕೈಯಲ್ಲಿ ಕುಡುಗೋಲು. ಕೂಗಲೂ ಇಲ್ಲ. ಸಾದಾ ದನಿಯಲ್ಲಿ, “ಯಾರದು?” ಎಂದಳು ಅಷ್ಟೇ.

ಇಡೀ ಹಿಂಡು ಗಾಳಿಯಲ್ಲಿ ಹಾರಿತು. ಕರಿ ಹೋರಿ ಒಂದೇ ನೆಗೆತಕ್ಕೆ ಬದು ದಾಟಿತು. ಅದರ ಹಿಂದೆಯೇ ಪರೀಕ್ಷಕರು ದಾಟಿದರು. ದುರ್ಬೀನಿನಿಂದ ಕಣ್ಣು ತೆಗೆಯದೆ ಮೇಡಂ ಮೆಚ್ಚುಗೆಯಿಂದ ಹೇಳಿದರು: “ನೋಡ್ರಿ, ರೆಕಾರ್ಡಿಂಗ್ ಯಾವುದು, ಅಸಲಿ ಯಾವುದು, ಎಷ್ಟು ಬರೋಬರಿ ಗುರುತು ಹಿಡೀತಾವ!”

ವಿಷಯ ತಿಳಿದ ಮೇಲೆ ಕಾಕಿ ತಲೆ ಮೇಲೆ ಸೆರಗು ಹೊದ್ದು, ಕಾಕಾನಿಗೆ ಬಯ್ಯುತ್ತಲೇ ಎಲ್ಲರಿಗೂ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಪರೀಕ್ಷಕರನ್ನು ಎರಡು ಹೊಲ ಆಚೆಯ ಬೇಲಿಯಿಂದ ಬಿಡಿಸಿ ಕರೆದುಕೊಂಡು ಬಂದೆವು. ಖಡಕ್ ಇಸ್ತ್ರಿಯ ಮೇಲೆ ಮುಳ್ಳಿನ ಕಸೂತಿ. ಬದುವಿನ ಮೇಲೆ ಕೂತು ಅವರು ಎರಡು ರೊಟ್ಟಿ ತಿಂದರು, ನೀರು ಕುಡಿದರು, ಉಸಿರು ಸರಿ ಮಾಡಿಕೊಂಡರು. ನಾವೆಲ್ಲ ಅವರ ಬಾಯನ್ನೇ ನೋಡುತ್ತ ನಿಂತೆವು. ಮೇಡಂ ಕೈಯಲ್ಲಿದ್ದ ರೊಟ್ಟಿ ಹಾಗೇ ಇತ್ತು.

“ಮೇಡಂ, ಈ ಕೋರ್ಸ್ ನಿಲ್ಲಬಾರದು. ಪ್ರತಿ ವರ್ಷವೂ ನಡೀಬೇಕು. ನಾನೇ ಹೇಳ್ತೀನಿ” ಎಂದರು ಪರೀಕ್ಷಕರು. ಮತ್ತೆ ಕಾಕಿಯ ಕಡೆ ಒಮ್ಮೆ, ತಾವು ದಾಟಿದ ಬದುವಿನ ಕಡೆ ಒಮ್ಮೆ ನೋಡಿದರು.

“ಆದರೆ ಮುಂದಿನ ಸಲ ಪರೀಕ್ಷಕರನ್ನ ದೈಹಿಕ ಶಿಕ್ಷಣ ವಿಭಾಗದಿಂದ ಕರೆಸಿ.”